‘ಬರ್ತೇನಿ’ ಅಂದು ಹೋಗು

ಸಾವಿನ ಮನೆಯಿಂದ ಎದ್ದು ಹೋಗುವಾಗ ನಮ್ಮ ಕಡೆ ಯಾರೂ ‘ಬರ್ತೇನಿ’ ಅನ್ನುವುದಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ನಡೆಯುತ್ತಾರೆ.

ಮೊನ್ನೆ ಒಬ್ಬನ ಬಾಯಿಂದ ನಾನು ಆ ಮಾತನ್ನು ಹಟ ಹಿಡಿದು ಹೇಳಿಸಿದೆ.

(ಮೂರು ವಾರ ಈ ಅಂಕಣ ಯಾಕೆ ಬರೆಯಲಿಲ್ಲ ಎಂದು ಕಾಗದ ಹಾಕಿದವರಿಗೆ: ನಮ್ಮ ಯಜಮಾನರು ತೀರಿಕೊಂಡರು. ಇಳಕಲ್ಲಿನ ಕನ್ನಡ ಶಾಲೆಯ ಮಾಸ್ತರರು.)

ಮಾತಾಡಿಸಲು ಬಂದವನು ಶಂಕ್ರಪ್ಪ, ಅವರ ಗೆಳೆಯ. ಎಂಟು ವರ್ಷದ ಹಿಂದೆ ಮಗ್ಗ ಹಾಕುತ್ತೇನೆಂದು ಸೊಸೈಟಿಯಲ್ಲಿ ಸಾಲ ತೆಗೆದ. ಜಾಮೀನಿಗೆ ಸಹಿ ಹಾಕಿದವರು ನಮ್ಮವರು. ಮಗ್ಗ ಬರಲಿಲ್ಲ. ಹಣ ವೀಸಾ ಏಜೆಂಟನ ಕೈ ಸೇರಿತು, ಶಂಕ್ರಪ್ಪ ಮಸ್ಕತ್ ಸೇರಿದ. ಹೋಗುವಾಗ ಸ್ವಂತ ಅತ್ತಿಗೆಗೆ ಹೇಳುವಂತೆ ‘ಬರ್ತೇನಿ ವೈನಿ’ ಅಂದಿದ್ದ.

ಈಗ ರಜೆಗೆ ಬಂದಿದ್ದಾನೆ. ಕೈಯಲ್ಲಿ ಒಂದು ಮೆತ್ತನೆಯ ಕಂಬಳಿ, ಒಂದು ಸೆಂಟಿನ ಬಾಟಲಿ. ಸಾವಿನ ಮನೆಗೆ ಸೆಂಟು!

ಅತ್ತ. ಖರೆಯಾಗಿಯೇ ಅತ್ತ. ಕಣ್ಣು ಒರೆಸಿಕೊಂಡ ಮೇಲೆ ನಾನು ಸಾಲದ ಮಾತು ತೆಗೆದೆ.

“ಅದು ಯಾವಾಗೋ ಮುಗದಿರಬೇಕು ಬಿಡ್ರಿ ವೈನಿ. ನಾ ದೇಶದಾಗ ಇಲ್ಲ ಅಂದಮ್ಯಾಲೆ ಅವರರೆ ಏನ್ ಮಾಡ್ತಾರ?”

“ನೀ ಇರಲಿಲ್ಲಪಾ. ನಿನ್ನ ಸಾಲ ಇಲ್ಲೇ ಇತ್ತು. ಜಾಮೀನು ಕೊಟ್ಟವರೂ ಇಲ್ಲೇ ಇದ್ರು.”

ಅವನಿಗೆ ಗೊತ್ತಿರಲಿಲ್ಲ. ಯಾರು ಹೇಳಬೇಕು? ನೋಟಿಸ್ ಬಂದದ್ದು ನಮ್ಮ ಮನೆಗೆ. ಸೊಸೈಟಿಯ ಸುಸ್ತಿದಾರರ ಬೋರ್ಡಿನಲ್ಲಿ ಅವನ ಹೆಸರಿನ ಕೆಳಗೆ ಇವರ ಹೆಸರು. ಸಮುದ್ರದಾಚೆ ಇದ್ದವನ ಹೆಸರನ್ನು ಯಾರು ಓದುತ್ತಾರೆ? ಎಲ್ಲರೂ ಓದಿದ್ದು ಮಾಸ್ತರರದ್ದನ್ನು. ಐದು ವರ್ಷ ಅವರು ಸಂತೆಗೆ ಸುತ್ತು ಹಾಕಿಕೊಂಡು ಹೋದರು, ಆ ಬೋರ್ಡು ಕಣ್ಣಿಗೆ ಬೀಳಬಾರದೆಂದು.

ಈಗ ಹೆಸರಿನ ಮುಂದೆ ಯಾರೋ ಸೀಮೆಸುಣ್ಣದಿಂದ ‘ದಿವಂಗತ’ ಎಂದು ಸೇರಿಸಿದ್ದಾರೆ. ಮರ್ಯಾದೆಯಂತೆ!

“ಮಾಸ್ತರರ ನೌಕರಿಯಿಂದ ಬಂದ ರೊಕ್ಕದಾಗ ನೀವ ಕಟ್ಟಿಬಿಡ್ರಿ” ಎಂದು ಬಂಧುಗಳು ಹೇಳಿದರು. ಕಟ್ಟಬಹುದು. ಹೆಸರು ಅಳಿಯುತ್ತದೆ. ಆದರೆ ತಪ್ಪು ಅವರದೇ ಎಂದು ನಾನೇ ಒಪ್ಪಿಕೊಂಡಂತಾಗುವುದಿಲ್ಲವೇ? ನಾನು ಕಟ್ಟುವುದಿಲ್ಲ. ಸಾಲ ತೆಗೆದ ಕೈಯೇ ಕಟ್ಟಬೇಕು, ಆ ಬೋರ್ಡಿನ ಮುಂದೆ ನಿಂತು.

ಶಂಕ್ರಪ್ಪ ತಲೆ ತಗ್ಗಿಸಿ ಎದ್ದ. ಪದ್ಧತಿಯಂತೆ ಮಾತಿಲ್ಲದೆ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಸೋಮವಾರ ಹತ್ತಕ್ಕ, ಸೊಸೈಟಿಗೆ. ‘ಬರ್ತೇನಿ’ ಅಂದು ಹೋಗು.”

ಒಳಗಿನಿಂದ ಅತ್ತೆ ಗಾಬರಿಯಾಗಿ ಕೂಗಿದರು: “ಸತ್ತ ಮನಿಯಾಗ ಆ ಮಾತ ಆಡಸ್ತೀಯೇನ ಯವ್ವಾ? ಕೆಟ್ಟದ್ದ ಆದೀತು!”

“ಆಗೂದೆಲ್ಲಾ ಆಗೇತ್ರಿ ಅತ್ತಿ.”

ಶಂಕ್ರಪ್ಪ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಮೆಲ್ಲಗೆ ಅಂದ, “ಬರ್ತೇನಿ, ವೈನಿ.”

ಕಂಬಳಿ, ಸೆಂಟು ಎರಡನ್ನೂ ಅವನ ಕೈಗೇ ಕೊಟ್ಟು ಕಳಿಸಿದೆ.

ಬುಧವಾರ ಅವನ ವಿಮಾನ. ಸೋಮವಾರ ಒಂಬತ್ತೂವರೆಗೇ ನಾನು ಆ ಬೋರ್ಡಿನ ಕೆಳಗೆ ನಿಂತಿರುತ್ತೇನೆ.

ಈ ಅಂಕಣ ಅಚ್ಚಾಗುವುದು ಭಾನುವಾರ. ಶಂಕ್ರಪ್ಪನ ಮನೆಗೂ ಇದೇ ಪೇಪರ್ ಬರುತ್ತದೆ.