ಸದ್ದು ನಿಂತ ಹ್ಯಾಂಡಲ್

ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವ ನಮ್ಮ ದೊಡ್ಡಪ್ಪನಿಗೆ ತನ್ನ ಕಿವಿಯ ಮೇಲೆ ಬಲು ಜಂಬ. ಹ್ಯಾಂಡಲ್ ಕಿರುಗುಟ್ಟಿದರೆ ಬಿಚ್ಚಿ ನೋಡುವ ಆಸಾಮಿಯೇ ಅಲ್ಲ. ಕೂತಲ್ಲಿಂದಲೇ ಕೇಳಿ ಕಾಯಿಲೆ ಹೇಳುತ್ತಿದ್ದ. ಪಕ್ಕದ ಬೀದಿಯ ನರ್ಸಮ್ಮ ಸೈಕಲ್ ತಂದಾಗಲೂ ಅಷ್ಟೇ.

"ಗ್ರೀಸ್ ಒಣಗಿದೆ ಕಣಮ್ಮಾ, ಇನ್ನೇನಿಲ್ಲ," ಎಂದು ಹ್ಯಾಂಡಲ್ ಕೂರುವ ಸಂದಿಗೆ ಗ್ರೀಸ್ ತುಂಬಿ, ಬೋಲ್ಟ್ ಬಿಗಿದು ಕಳಿಸಿದ.

ವಾರ ಕಳೆದು ಆಕೆ ಕೈಗೆ ಪಟ್ಟಿ ಕಟ್ಟಿಕೊಂಡು, ಎರಡು ತುಂಡಾದ ಹ್ಯಾಂಡಲ್ ಹಿಡಿದು ಬಂದಳು. ಮುರಿದ ಅಂಚಿನ ಅರ್ಧಕ್ಕೆ ಹಳೆಯ ತುಕ್ಕು ಹಿಡಿದಿತ್ತು. ಬಿರುಕು ಅಂದೇ ಇತ್ತು. ಬಿಚ್ಚಿದ್ದರೆ ಕುರುಡನಿಗೂ ಕಾಣುತ್ತಿತ್ತು.

"ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ ಅಣ್ಣಾ," ಅಂದಳು ಆಕೆ. "ನೀವು ಮುಟ್ಟಿದ ಮೇಲೆ, ಬೀಳೋವರೆಗೂ ಒಂದು ಸಲಾನೂ ಸದ್ದು ಮಾಡ್ಲಿಲ್ಲ."