ಹೆಗಲಪಟ್ಟಿಯ ಹೊಲಿಗೆ

ಮೊನ್ನೆ ಗಿರಾಕಿಯೊಬ್ಬರು ಆನ್‌ಲೈನಿನಲ್ಲಿ ತರಿಸಿದ ಬಂದೂಕಿನ ಹೆಗಲಪಟ್ಟಿಯನ್ನು ನನ್ನ ಮುಂದಿಟ್ಟು, "ಅಸಲಿಯೋ ನಕಲಿಯೋ ಹೇಳ್ರಿ" ಅಂದರು. ಮೂಸಿ ನೋಡಿದೆ. ಚಹಾದ ವಾಸನೆ. ಹೊಸ ಪಟ್ಟಿಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಮೂರೇ ದಿನದಲ್ಲಿ ಐವತ್ತು ವರ್ಷದ ಮುಪ್ಪು ಬರುತ್ತದೆ. ನನಗೆ ಆ ಮುಪ್ಪು ಬರಲು ಪೂರಾ ಐವತ್ತು ವರ್ಷವೇ ಬೇಕಾಯಿತು.

ಬಳ್ಳಾರಿಯಲ್ಲಿ ಸೇನೆಯ ಹಳೆ ಸಾಮಾನಿನ ಅಂಗಡಿ ಇಟ್ಟವನಿಗೆ ಇದೇನು ದೊಡ್ಡ ವಿದ್ಯೆಯಲ್ಲ ನೋಡಿ. ನಕಲಿ ಪಟ್ಟಿ ತುದಿಯಿಂದ ತುದಿಗೆ ಒಂದೇ ಸಮ ಹಳೆಯದಾಗಿರುತ್ತದೆ. ಅಸಲಿಯದು ಹೆಗಲಿಗೆ ತಾಗುವಲ್ಲಿ ನುಣುಪು, ಕೊಂಡಿ ಉಜ್ಜುವಲ್ಲಿ ಸವೆತ. ಬಿಸಿಲು ಕಾಣದ ಮಡಿಕೆಯೊಳಗೆ ಮಾತ್ರ ಮೊದಲಿನ ಬಣ್ಣ. ಹಿತ್ತಾಳೆಯ ತುದಿಗೆ ಅಯಸ್ಕಾಂತ ಅಂಟಿತೋ, ಅದು ಲೇಪ ಹಾಕಿದ ಕಬ್ಬಿಣ. ಇಷ್ಟೆಲ್ಲ ಬಲ್ಲೆನೆಂಬ ಜಂಬದಲ್ಲಿಯೇ ನಾನು ಒಮ್ಮೆ ಎಡವಿದ್ದು.

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದಿಂದ ಈರಣ್ಣ ಎಂಬ ನಿವೃತ್ತ ಹವಾಲ್ದಾರರು ಬಂದರು. ಸೇನೆಯಲ್ಲಿ ಹಳತೆಂದು ತೆಗೆದುಹಾಕಿದ ತಮ್ಮ ಪಟ್ಟಿಯನ್ನು ಕೇಳಿ ತಂದಿಟ್ಟುಕೊಂಡಿದ್ದರಂತೆ. ಮನೆಗೆ ಸುಣ್ಣ ಹೊಡೆಸುವಾಗ ಹೆಂಡತಿ ಅದನ್ನು ಗುಜರಿಯವನಿಗೆ ಹಾಕಿಬಿಟ್ಟಿದ್ದರು. ಅದನ್ನು ನನಗೆ ಮಾರಿದ್ದ ಗುಜರಿಯವನು ನನ್ನ ಅಂಗಡಿ ತೋರಿಸಿದ್ದ. ಪಟ್ಟಿ ಆಗಲೇ ಕುರುಗೋಡಿನ ಮೇಷ್ಟ್ರೊಬ್ಬರಿಗೆ ಮಾರಾಟವಾಗಿತ್ತು. ಅದನ್ನು ಹೇಳುವ ಬದಲು, ಇದೇ ನಿಮ್ಮದೆಂದು ಒಳಗಿನಿಂದ ಒಂದು ನಕಲಿ ತಂದುಕೊಟ್ಟೆ.

ಈರಣ್ಣ ಮಡಿಕೆ ಬಿಚ್ಚಿಯೂ ನೋಡಲಿಲ್ಲ. ಸುಮ್ಮನೆ ಬೆರಳಾಡಿಸಿದರು.

"ಇದು ನಂದಲ್ರಿ. ನನ್ನ ಪಟ್ಟಿ ನಡುವ ಹರದಿತ್ತು. ರೂಪನಗುಡಿಯಾವ, ಹೊನ್ನೂರ ಅಂತ ನನ್ನ ದೋಸ್ತ, ಬೂಟಿನ ದಾರದಾಗ ಹೊಲದು ಕೊಟ್ಟಿದ್ದ. ನನ್ನ ಜೋಡಿ ಮಿಲಿಟ್ರಿಗೆ ಭರ್ತಿ ಆದಾವ. ಗಡಿಯಾಗ ಹಿಮ ಕುಸದು ಹೋಗಿಬಿಟ್ಟ. ಅವನ ಮಗಳು ರೇಣುಕಾ ಆಗಿನ್ನೂ ಹೊಟ್ಟಿಯಾಗಿದ್ಲು. ಈಗ, ನಮ್ಮಪ್ಪನ ಕೈಯಿಂದು ಏನರ ಐತೇನು ಕಾಕಾ ಅಂತ ಕೇಳ್ಯಾಳ. ನನ್ ಕಡಿ ಅದೊಂದ ಇತ್ತು."

ಆ ಒರಟು ಹೊಲಿಗೆ ಅಂದ ಕೆಡಿಸಿದೆಯೆಂದು, ಮಾರುವ ಮೊದಲು ನಾನೇ ಅದನ್ನು ಬಿಚ್ಚಿ ಮಿಷನ್ನಿನಲ್ಲಿ ಹೊಲಿಸಿದ್ದೆ. ಎಲ್ಲ ಹೇಳಿಬಿಟ್ಟೆ.

ಈರಣ್ಣ ನಕಲಿ ಪಟ್ಟಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಕೇಳಿದರು: "ದಾರ ಎಲ್ಲಿ ಒಗದ್ರಿ?"

"ಕಸದಾಗ."

"ನಡೀರಿ. ಪಟ್ಟಿ ಅರ ತರೋಣು."

ಕುರುಗೋಡಿನ ಮೇಷ್ಟ್ರು ವಿಷಯ ಕೇಳಿ, ಗೋಡೆಯಿಂದ ಇಳಿಸಿ ಕೊಟ್ಟರು. ಅಲ್ಲಿಂದ ರೂಪನಗುಡಿಗೆ ಹೋದೆವು. ರೇಣುಕಾ ಎದುರು ತಪ್ಪು ಒಪ್ಪಿಕೊಂಡೆ. ಆಕೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಪಟ್ಟಿಯನ್ನು ಕಿಟಕಿಗೆ ಹಿಡಿದಳು. ಮಿಷನ್ ಹೊಲಿಗೆಯ ಆಚೀಚೆ ದಬ್ಬಣದ ಹಳೆಯ ತೂತುಗಳಿಂದ ಬೆಳಕು ಕಂಡಿತು. ಒಂದೊಂದರ ಮೇಲೂ ಬೆರಳಿಟ್ಟಳು.

"ಸಾಲು ಸೊಟ್ಟ ಐತಲ್ಲ ಕಾಕಾ."

"ಚಳಿ ಇತ್ತವ್ವಾ," ಅಂದರು ಈರಣ್ಣ. "ಕೈ ನಡುಗ್ತಿದ್ವು ಅವಂಗ."

ರೇಣುಕಾ ತನ್ನ ಎರಡೂ ಕೈ ಅದರ ಮೇಲೆ ಊರಿ ಕುಳಿತಳು. ನಾನು ಹೊರಗೆ ಬಂದು ನಿಂತೆ.

ನಿನ್ನೆ ಗುಜರಿಯವನು ಸೈನಿಕರ ನೀರಿನ ಬಾಟಲಿಯ ಚೀಲವೊಂದನ್ನು ತಂದ. ಮೂಲೆಯಲ್ಲಿ ಕೆಂಪು ನೂಲಿನ ತೇಪೆ. ಎಲ್ಲಿಯದೆಂದು ಕೇಳಿದೆ. ಹಚ್ಚೊಳ್ಳಿ ಊರಿನದಂತೆ, ಯಾರ ಮನೆಯದೋ ಅವನಿಗೆ ನೆನಪಿಲ್ಲ. ತೊಳೆಯದೆ, ಮಾರದೆ ಇಟ್ಟಿದ್ದೇನೆ. ಭಾನುವಾರ ಬಸ್ಸು ಹಿಡಿದು ಹೋಗಿ, ಆ ತೇಪೆ ಯಾರ ಕೈಯದೆಂದು ಕೇಳಿಕೊಂಡು ಬರಬೇಕು.