ಕುಸುಬೆ ಎಣ್ಣೆ ಕುಡಿದ ಕೈಮಿಷನ್

ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ಕೂಡಲೇ, “ಕುಂಚಿಗಿ ನಾನ ಹೊಲಿತೀನಿ” ಎಂದು ಓಣಿಗೆಲ್ಲ ಹೇಳಿಬಿಟ್ಟೆ. ಮನೆಯಲ್ಲಿ ಹೊಲಿಗೆ ಮಿಷನ್ನೇ ಇರಲಿಲ್ಲ. ಸಂತೋಷ ತಲೆಗೇರಿದರೆ ನನ್ನ ಬಾಯಿಗೆ ಲಗಾಮು ಇರುವುದಿಲ್ಲ.

ಮಿಷನ್ ಕಮಲಾಪುರದಲ್ಲಿ ತಂಗಿಯ ಹತ್ತಿರ ಇತ್ತು. ಅಪ್ಪ ನಮ್ಮಿಬ್ಬರಿಗೂ ಸೇರಿ ಕೊಡಿಸಿದ್ದ ಕೈಮಿಷನ್. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ತಂಗಿ ಅಷ್ಟೂ ಹೋಗಲಿಲ್ಲ. ಅವಳು ಹಿಡಿಕೆ ತಿರುಗಿಸುವುದು, ನಾನು ಬಟ್ಟೆ ಹಿಡಿದು ಮುಂದಕ್ಕೆ ಬಿಡುವುದು, ಹೀಗೆ ಹೊಲಿಗೆ ಕಲಿತೆವು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವಳಿಗೆ ತೊಡಿಸಿದ ಹಸಿರು ಖಣದ ಕುಂಚಿಗೆ, ತಲೆಯಿಂದ ಬೆನ್ನಿನ ತನಕ ಇಳಿಯುವಂಥದ್ದು, ಅದರ ಮೇಲೇ ಹೊಲಿದದ್ದು. ಈಗ ಅವಳ ಮಗಳಿಗೂ ಅದೇ ಮಿಷನ್ನಿನ ಹೊಲಿಗೆಯೇ ಆಗಬೇಕು. ಅದು ನನ್ನ ಹಟ.

ತಂಗಿಗೆ ಕಣ್ಣು ಮಂಜಾದ ಮೇಲೆ ಅವಳು ಹೊಲಿಯುವುದನ್ನು ಬಿಟ್ಟಿದ್ದಳು. ಫೋನು ಮಾಡಿದ ಮರುದಿನವೇ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಜೊತೆಗೆ ಒಂದು ಗೊನೆ ಕೆಂಪು ಬಾಳೆಹಣ್ಣು ಇಟ್ಟು, ಪರಿಚಯದ ಟೆಂಪೋದಲ್ಲಿ ಕಳಿಸಿದಳು. ಬಿಚ್ಚಿ ನೋಡಿದರೆ ಒಂದು ಚುಕ್ಕೆ ತುಕ್ಕಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಡಿಕೆ ಹಿಡಿದು ತಿರುಗಿಸಿದೆ. ಕಲ್ಲು. ನಮ್ಮ ಮನೆಯವರೂ ಕೈಹಚ್ಚಿ ಎಳೆದರು. ಆಗಲೂ ಕಲ್ಲು.

ಸ್ಟೇಶನ್ ಬಜಾರಿನ ರಿಪೇರಿ ಅಂಗಡಿಗೆ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅಂಗಡಿಯವನು ಗಾಲಿಯನ್ನು ಒಮ್ಮೆ ಜಗ್ಗಿ ಕೈ ಒರೆಸಿಕೊಂಡ. “ಒಳಗ ಎಲ್ಲಾ ಜಾಮ್ ಆಗ್ಯಾವ್ರಿ ಅವ್ವಾರ. ಇದರ ಸಾಮಾನ ಈಗ ಸಿಗಂಗಿಲ್ಲ. ಗುಜರಿಗೆ ಹಾಕ್ರಿ, ಇಲ್ಲಂದ್ರ ಶೋಕೇಸಿನ್ಯಾಗ ಇಡ್ರಿ, ಚಂದ ಕಾಣ್ತದ.”

ವಾಪಸ್ ಬರುವ ದಾರಿಯುದ್ದಕ್ಕೂ, ಜೊತೆಗೆ ಬಂದಿದ್ದ ಮನೆಯವರದು ಒಂದೇ ರಾಗ. “ಬಜಾರದಾಗ ರೆಡಿಮೇಡ್ ಕುಂಚಿಗಿ ಸಿಗತಾವ. ಕೂಸಿಗೇನು ಗೊತ್ತಾಗ್ತದ?”

“ಕೂಸಿಗೆ ಗೊತ್ತಾಗಂಗಿಲ್ರೀ. ನನಗ ಗೊತ್ತಾಗ್ತದಲ್ಲ.”

ಸಿಟ್ಟಿಗೆ ಮಿಷನ್ನನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಬಂದೆ. ಕಲಬುರಗಿಯ ಬಿಸಿಲು ನಿಮಗೆ ಗೊತ್ತಲ್ಲ. ಮಧ್ಯಾಹ್ನ ಒಣಹಾಕಿದ ಸಂಡಿಗೆ ತಿರುವಿಹಾಕಲು ಮೇಲೆ ಹತ್ತಿ ಹೋದರೆ ಮೂಗಿಗೆ ಭಜಿ ಕರಿದ ವಾಸನೆ. ಯಾರ ಮನೆಯದಪ್ಪಾ ಎಂದು ಸುತ್ತ ನೋಡಿದೆ. ಯಾರ ಮನೆಯದೂ ಅಲ್ಲ, ನನ್ನ ಮಿಷನ್ನಿನದು. ಎಣ್ಣೆ ಬಿಡುವ ತೂತಿನಲ್ಲಿ ಕಡ್ಡಿ ಆಡಿಸಿದೆ. ಕಂದು ಬಣ್ಣದ ಅಂಟು ಎಳೆಎಳೆಯಾಗಿ ಬಂತು. ಎಣ್ಣೆ ಡಬ್ಬಿಯ ಬಾಯಿಗೆ ವರ್ಷಗಟ್ಟಲೆ ಕಟ್ಟುತ್ತದಲ್ಲ, ಅದೇ.

ಅಲ್ಲೇ ನಿಂತು ತಂಗಿಗೆ ಫೋನು ಹಚ್ಚಿದೆ. “ಮಿಷನ್ನಿಗೆ ಯಾವ ಎಣ್ಣಿ ಹಾಕ್ತಿದ್ದಿ?”

“ಗಾಣದ ಕುಸುಬಿ ಎಣ್ಣಿ. ಅಂಗಡ್ಯಾಗಿನ ನೀರಿನಂಥಾದು ಅದಕ್ಕ್ಯಾಕ? ಹಬ್ಬಕ್ಕೊಮ್ಮೆ ಪೂಜಿ ಮಾಡಿ, ಕುಡಿಯೋ ಅಷ್ಟು ಕುಡಿಸೀನಿ. ಯಾಕಕ್ಕಾ, ಓಡಾಕತ್ತದಲ್ಲ?”

“ಓಡ್ತದ, ಓಡ್ತದ” ಎಂದೆ.

ನಗು ತಡೆಯಲಾಗಲಿಲ್ಲ. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಎಣ್ಣೆಯನ್ನೇ ನನ್ನ ತಂಗಿ ಅದಕ್ಕೆ ಕುಡಿಸಿದ್ದಳು, ಅದು ಒಳಗೆ ವಾರ್ನಿಶ್ ಆಗಿ ಕೂತಿತ್ತು. ಅಂದರೆ ಏನೂ ಮುರಿದಿಲ್ಲ, ಬರೀ ಅಂಟಿದೆ. ಅಂಟಿದ್ದನ್ನು ತಿಕ್ಕಿ ಬಿಡಿಸುವುದು ನನಗೆ ದಿನಾ ಇರುವ ಕೆಲಸ.

ಮೆಟ್ಟಿಲ ಕೆಳಗೆ ಹಳೆಯ ಸ್ಟೋವಿನ ಜೊತೆ ಸೀಮೆಎಣ್ಣೆಯ ಬಾಟಲಿ ಬಿದ್ದಿತ್ತು. ತೂತುತೂತಿಗೂ ಹನಿ ಬಿಟ್ಟೆ, ಬಿಸಿಲಿಗಿಟ್ಟೆ, ಹಳೆಯ ಹಲ್ಲುಬ್ರಷ್ಷಿನಿಂದ ತಿಕ್ಕಿದೆ, ಒರೆಸಿದೆ, ಮತ್ತೆ ಬಿಟ್ಟೆ. ಬೆಲ್ಲದ ಪಾಕದಂಥದ್ದು ಇಳಿಯುತ್ತಲೇ ಇತ್ತು. ಬಿಸಿಲು ಚುರುಗುಟ್ಟಿದಷ್ಟೂ ನನಗೆ ಹುರುಪು. ಬೇಸಿಗೆಗೆ ಬೈಯದೆ ಇದ್ದದ್ದು ಜನ್ಮದಲ್ಲಿ ಅದೇ ಮೊದಲು. ಒಂದು ದಿನ ಗಾಲಿ ಎಳ್ಳಿನಷ್ಟು ಅಲುಗಿತು. ಮರುದಿನ ಕಾಲು ಸುತ್ತು. ಅದರ ಮರುದಿನ ಹಿಡಿಕೆ ನನ್ನ ಕೈಯಿಂದಲೇ ಜಾರಿ ಗಿರಗಿರ ತಿರುಗಿದಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಳಿಗೆಯ ಮೇಲೆ ನಾನೂ ಒಂದು ಸುತ್ತು ತಿರುಗಿದೆ. ಪಕ್ಕದ ಮನೆಯವಳು ನೋಡಿದಳು. ನೋಡಲಿ.

ಅಂಗಡಿಯ ಮಿಷನ್ ಎಣ್ಣೆ ಹಾಕಿ, ಹೊಸ ಸೂಜಿ ಏರಿಸಿ, ಕೈಗೆ ಸಿಕ್ಕ ಬಟ್ಟೆಯ ಮೇಲೆ ಹೊಲಿದು ನೋಡಿದೆ.

“ನನ್ನ ಟವೆಲ್ಲೇ ಸಿಕ್ತೇನು ನಿನಗ?” ಎಂದರು ಮನೆಯವರು. ಹಾಗೆ ಹೇಳುತ್ತಲೇ ಹೊಲಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ರೆಡಿಮೇಡ್ ಮಾತು ಅಲ್ಲಿಗೆ ನಿಂತಿತು.

ಹಸಿರು ಖಣ ತಂದೆ. ಒಳಗೆ ಹಾಕಲು ನನ್ನ ಹಳೆಯ ನೂಲಿನ ಸೀರೆಯ ಮೆತ್ತನೆಯ ತುಂಡು ಕತ್ತರಿಸಿದೆ. ಕುಂಚಿಗೆಯನ್ನೆಲ್ಲ ಹೊಲಿದೆ, ಗದ್ದದ ಕೆಳಗೆ ಕಟ್ಟುವ ಎರಡು ಲಾಡಿಗಳನ್ನು ಮಾತ್ರ ಬೇಕಂತಲೇ ಬಿಟ್ಟೆ.

ತೊಟ್ಟಿಲ ದಿನ ಬೆಳಗಿನ ಬಸ್ಸಿಗೇ ತಂಗಿ ಬಂದಳು. ಬಗಲಲ್ಲಿ ಒಂದು ಬಾಟಲಿ. “ಮಿಷನ್ನಿಗೆ ಕುಸುಬಿ ಎಣ್ಣಿ ತಂದೀನಿ ಅಕ್ಕಾ. ಒಣಗಿರಬೇಕದು.”

ಮನೆಯವರು ಬಾಯಿ ತೆರೆದರು. ಕೈಯಲ್ಲಿದ್ದ ಉಂಡಿಯನ್ನು ಅಲ್ಲಿಗೆ ತುರುಕಿದೆ. ಬಾಟಲಿ ಅಡುಗೆಮನೆಗೆ ಹೋಯಿತು. ಅಂದು ಬಂದವರಿಗೆಲ್ಲ ಅದರಲ್ಲೇ ಭಜಿ.

ಮಗಳು ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ನಾವಿಬ್ಬರೂ ಮಿಷನ್ನಿನ ಮುಂದೆ ಕೂತೆವು. ತಂಗಿ ಕುಂಚಿಗೆಯ ಮೇಲೆ ಬೆರಳಾಡಿಸಿ ಹೊಲಿಗೆ ಹುಡುಕಿದಳು. “ನಮ್ಮ ಮಿಷನ್ನಿಂದ ಇದು” ಎಂದಳು. ಆಮೇಲೆ, ಯಾರೂ ಹೇಳದೆಯೇ, ಅವಳ ಕೈ ಹಿಡಿಕೆಗೆ ಹೋಯಿತು, ನನ್ನದು ಬಟ್ಟೆಗೆ. ಒಂದು ಲಾಡಿ ಕೂತಿತು, ಎರಡನೆಯದೂ ಕೂತಿತು.

“ಎಷ್ಟು ಹಗುರ ಓಡ್ತದ ನೋಡಕ್ಕಾ. ಸುಮ್ಮ ಕುಡಿಸಿಲ್ಲ ನಾ ಎಣ್ಣಿ.”

“ಹೌದವಾ, ನೀ ಕುಡಿಸಿದ್ದಕ್ಕ ಒಂದು ಚುಕ್ಕಿ ತುಕ್ಕು ಹಿಡಿದಿಲ್ಲ” ಎಂದು ದಾರ ಕಡಿದು, ಬಿಸಿಬಿಸಿ ಕುಂಚಿಗೆಯನ್ನು ಕೂಸಿನ ತಲೆಗೆ ಇಟ್ಟೆ. ಲಾಡಿ ಕಟ್ಟುವುದನ್ನು ತಂಗಿಗೇ ಬಿಟ್ಟೆ.